ಸೂಜಿ ಮೇಡಂ

“ಮೇಡಂ, ನಂಗೆ ಇನ್ನೂ ಮದುವೆಯೇ ಆಗ್ಲಿಲ್ಲ. ನೀವು ಏಳು ಹೆಣ್ಣುಮಕ್ಕಳನ್ನ ಕೊಟ್ಬಿಟ್ರಿ.”

ಕುಮಟಾದ ನಮ್ಮ ಆಸ್ಪತ್ರೆಯಿಂದ ನಾನು ಮಾಡಿದ ಮೊದಲ ಫೋನಿಗೆ ಬಂದ ಉತ್ತರ ಅದು. ಶಾಲೆಯ ಶಿಬಿರದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿಸಿಕೊಂಡ ಹುಡುಗಿಯರಿಗೆ ಆರು ತಿಂಗಳಿಗೆ ಎರಡನೇ ಡೋಸ್. ಅಲ್ಲಿಯವರೆಗೆ ವಾರಕ್ಕೊಂದು ಕಬ್ಬಿಣದ ಮಾತ್ರೆ. ನೆನಪಿಸುವುದು ನನ್ನ ಕೆಲಸ. ಹೊಳನಗದ್ದೆಯ ಏಳು ಮನೆಯವರೂ ಕೊಟ್ಟದ್ದು ಒಂದೇ ನಂಬರ್, ಮಕ್ಕಳನ್ನು ಶಾಲೆಗೆ ಬಿಡುವ ರಿಕ್ಷಾದ ನರೇಶನದು. ಹೇಗೂ ಕರೆತರುವವನು ಅವನೇ ಎಂಬ ಲೆಕ್ಕ ಅವರದು.

ಹಾಗಾಗಿ ಸೋಮವಾರಗಳು ಬಂದವು.

“ಎಲ್ಲರೂ ಮಾತ್ರೆ ನುಂಗಿದ್ರಾ?”

“ನುಂಗಿದ್ರು. ದೊಡ್ಡವಳಿಗೆ ಮಾತ್ರ ಈ ಅಪ್ಪನ ಮೇಲೆ ಸಿಟ್ಟು.”

“ಅಪ್ಪ ನುಂಗಿದ್ರಾ?”

ಕಾಲೇಜಿನಲ್ಲಿ ಹಾಜರಿ ಕೂಗಿದರೂ ಸ್ವರ ಏಳದ ನಾನು ಹೀಗೆ ಕೇಳಿದ್ದೆ. ಅತ್ತ ನಗು, ಅದರ ಹಿಂದೆ ರಿಕ್ಷಾದ ಗಡಗಡ. ಕಿವಿ ಬೆಚ್ಚಗಾಯಿತು. ಪಕ್ಕದ ಕುರ್ಚಿಯ ನರ್ಸ್ ಮಾಲಿನಿ ಹುಬ್ಬೇರಿಸಿದಳು.

“ನಿಮ್ಮ ಹೆಸರೆಂತ ಮೇಡಂ?”

“ಆಸ್ಪತ್ರೆ ಅಂತ ಇಟ್ಕೊಳ್ಳಿ.”

“ಸೂಜಿ ಮೇಡಂ ಅಂತ ಇಟ್ಟಾತು. ಎರಡನೇ ಡೋಸಿಗೆ ಬರ್ತೆ ಅಲ್ದಾ, ಆವಾಗ ಮುಖ ನೋಡ್ತೆ.”

“ನೋಡಿ ಎಂತ ಮಾಡ್ತೀರಿ?”

“ನೋಡಿದ ಮೇಲೆ ಹೇಳ್ತೆ.”

ಆ ಮಾತನ್ನು ಡೈರಿಯಲ್ಲಿ ಬರೆದು ಹೊಡೆದು ಹಾಕಿದೆ. ಮತ್ತೆ ಬರೆದೆ. ಹಸಿರು ಚೂಡಿದಾರವೊಂದನ್ನು ಆ ದಿನಕ್ಕೆಂದು ಎತ್ತಿಟ್ಟೆ.

ಎರಡನೇ ಡೋಸಿನ ಮೆಸೇಜು ಹೋದ ದಿನ ನರೇಶನ ಫೋನನ್ನು ಹುಡುಗಿಯೊಬ್ಬಳ ತಂದೆ ದಿವಾಕರ ನೋಡಿದ. ಮಗಳ ಹೆಸರು, ಮುಂದೆ ‘ಗರ್ಭಕಂಠ’. ಮದುವೆಯಾಗದ ಗಂಡಸಿನ ಫೋನಿನಲ್ಲಿ. ಜೊತೆಗೆ ಸೋಮವಾರ ಸೋಮವಾರದ ಕರೆಗಳ ಪಟ್ಟಿ.

“ರಿಕ್ಷಾ ತಡೆದ್ರು,” ನರೇಶನ ಧ್ವನಿ ಒಣಗಿತ್ತು. “ಒಂದ್ಸಲ ಬಂದು ಹೇಳಿ ಮೇಡಂ. ನೀವು ಹೇಳಿದ್ರೆ ನಂಬ್ತ್ರು.”

ಹಸಿರು ಚೂಡಿದಾರ ತೊಟ್ಟೇ ಹೋದೆ. ಶಾಲೆಯ ಗೇಟಿನ ಮುಂದೆ ಜನ. ರಿಕ್ಷಾಕ್ಕೆ ಒರಗಿ ನಿಂತವನು ಅವನೇ ಎಂದು ಯಾರೂ ಹೇಳಬೇಕಾಗಲಿಲ್ಲ. ಲಸಿಕೆ ಯಾತಕ್ಕೆ, ಮೆಸೇಜು ಕಳಿಸಿದ್ದು ಯಾರು, ಎಲ್ಲವನ್ನೂ ಹೇಳಿದೆ. ನನ್ನ ಸ್ವರ ಕೇಳಿದ್ದೇ ಅವನು ತಲೆಯೆತ್ತಿದ. ಕಣ್ಣು ನನ್ನ ಮುಖದ ಮೇಲೆ ನಿಂತಿತು. ಅಷ್ಟು ದಿನ ನಾನು ಕಾದದ್ದು ಆ ನೋಟಕ್ಕೆ.

ದಿವಾಕರ ನಕ್ಕ. “ಸೂಜಿ ಸರಿ ತಂಗಿ. ವಾರವಾರ ಅರ್ಧ ಗಂಟೆ ಮಾತು ಎಂತಕ್ಕೆ? ನಮ್ಮ ಮಕ್ಕಳ ಹೆಸರಲ್ಲಿ ನಿಮ್ಮ ಸರಸವಾ? ಎಂತದಾ ನರೇಶ, ನಿಂಗೆ ಇವ್ಳು ಎಂತ ಆಗ್ಬೇಕು?”

ನರೇಶ ರಿಕ್ಷಾದ ಹ್ಯಾಂಡಲ್ ಸವರಿದ.

“ಎಂತದೂ ಇಲ್ಲ ಅಣ್ಣ. ಇವ್ರು ಯಾರಂತ ನಂಗೆ ಗೊತ್ತೇ ಇಲ್ಲ. ಅವ್ರೇ ಮೇಲಿಂದ ಮೇಲೆ ಫೋನ್ ಮಾಡುದು. ಕಟ್ ಮಾಡಿದ್ರೂ ಬಿಡುದಿಲ್ಲ.”

ಯಾರೋ ಕಿಸಕ್ಕೆಂದರು. ಹೆಂಗಸೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹಸಿರು ಬೇರೆ ಹಾಕ್ಕಂಡು ಬಂದಿದು,” ಎಂದಳು. ಬಸ್ಸು ಬರುವವರೆಗೂ ಅಲ್ಲೇ ನಿಂತಿರಬೇಕಾಯಿತು.

ಅಲ್ಲಿಂದ ಮುಂದೆ ಶಾಲೆಯಿಂದ ನಂಬರ್ ತೆಗೆದುಕೊಂಡು ಅಪ್ಪಂದಿರಿಗೇ ಫೋನ್ ಮಾಡಿದೆ. ದಿವಾಕರನಿಗೂ ಮಾಡಿದೆ, ಬಿಡದೆ. ಡೋಸಿನ ದಿನ ಏಳೂ ಹುಡುಗಿಯರು ಬಂದರು. ನರೇಶನ ರಿಕ್ಷಾದಲ್ಲೇ.

ಕಿಟಕಿಯಾಚೆ ಅವನು. ನನ್ನ ಫೋನು ಬಡಿದುಕೊಂಡಿತು.

“ಸೂಜಿ ಮೇಡಂ. ಅವತ್ತು ಹಾಗೆ ಹೇಳದಿದ್ರೆ ನನ್ನ ಬಾಡಿಗೆ ನಿಲ್ತಿತ್ತು. ನಿಮಗೆ ಗೊತ್ತಾಗ್ತದೆ ಅಲ್ದಾ?” ಕಿಟಕಿಯತ್ತ ಮುಖ ಎತ್ತಿದ. “ನೋಡಿದ ಮೇಲೆ ಹೇಳ್ತೆ ಅಂದಿದ್ದೆ. ನೋಡಾತು. ಈಗ ಹೇಳ್ಲಾ?”

ಹೇಳಲಿ ಎಂದು ಮೈಯೆಲ್ಲ ಕೇಳುತ್ತಿತ್ತು.

“ಯಾರು ನೀವು?” ಎಂದೆ.

“ನಾನು... ನರೇಶ.”

“ಗೊತ್ತಿಲ್ಲ. ಇಂಜೆಕ್ಷನ್ ಆದ ಮೇಲೆ ಹುಡುಗಿಯರನ್ನ ಅರ್ಧ ಗಂಟೆ ಕೂರಿಸ್ಕೊಳ್ತೇವೆ. ಆಮೇಲೆ ಕಳಿಸ್ತೇವೆ.”

ಅರ್ಧ ಗಂಟೆ ಅವನು ರಿಕ್ಷಾದಲ್ಲೇ ಕೂತಿದ್ದ, ಕಿಟಕಿಯನ್ನೇ ನೋಡುತ್ತ. ಅರ್ಧ ಗಂಟೆಯೂ ನಾನು ಅಲ್ಲೇ ನಿಂತಿದ್ದೆ, ಅದೇ ಹಸಿರು ಚೂಡಿದಾರದಲ್ಲಿ, ಅವನಿಗೆ ಚೆನ್ನಾಗಿ ಕಾಣುವ ಹಾಗೆ.