ಕ್ಯಾಲೆಂಡರಿನಲ್ಲಿ ಅಮ್ಮ

"ಇದ್ರಲ್ಲಿ ನಿಮ್ಮಮ್ಮ ಯಾರು? ತೋರಿಸು ನೋಡೋಣ."

ಗುಬ್ಬಿ ಬೆರಳು ಎತ್ತಿದಳು. ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು.

ಕೇಳಿದವನು ಪಕ್ಕದ ಬೆಂಚಿನ ಹುಡುಗ. ಕನ್ನಡಕ ಹಾಕುತ್ತಿದ್ದನೆಂದು ಎಲ್ಲರೂ ಅವನನ್ನು ಚಷ್ಮಾ ಅಂತಲೇ ಕರೆಯುತ್ತಿದ್ದರು.

ಬೋರ್ಡಿನ ಪಕ್ಕದ ಮೊಳೆಗೆ ಮಿಸ್ ಬೆಳಿಗ್ಗೆ ತಾನೇ ಹೊಸ ಕ್ಯಾಲೆಂಡರ್ ತಗುಲಿಸಿದ್ದರು. ಸಕ್ಕರೆ ಫ್ಯಾಕ್ಟರಿಯವರು ಹಂಚಿದ್ದು. ತಿಂಗಳುಗಳ ಮೇಲೆ ದೊಡ್ಡದೊಂದು ಫೋಟೊ. ಕಬ್ಬಿನ ಗದ್ದೆ, ಮುಂದೆ ಸಾಲಾಗಿ ನಿಂತ ಹೆಂಗಸರು, ಎಲ್ಲರ ತಲೆಯ ಮೇಲೂ ಕಬ್ಬಿನ ಕಟ್ಟು. ಹೋದ ವರ್ಷ ಗುಬ್ಬಿಯ ಮನೆಯವರು ಕಬ್ಬು ಕಡಿಯಲು ಬಂದಿದ್ದಾಗ ತೆಗೆದದ್ದು. ಅಮ್ಮ ಆ ಸಾಲಿನಲ್ಲಿದ್ದಳು. ನೋಡಿದ ಕೂಡಲೇ ಗುಬ್ಬಿ, "ನಮ್ಮಮ್ಮ ಇದ್ದಾಳೆ ಇದ್ರಲ್ಲಿ" ಅಂದುಬಿಟ್ಟಿದ್ದಳು.

ಆದರೆ ಎಲ್ಲರ ಮುಖಕ್ಕೂ ಬಟ್ಟೆ ಸುತ್ತಿತ್ತು. ಕಬ್ಬಿನ ಗರಿ ಬ್ಲೇಡಿನ ಹಾಗೆ ಕೊಯ್ಯುತ್ತದೆ, ಅದಕ್ಕೆ. ಮೈಮೇಲೆ ಒಂದೇ ಬಣ್ಣದ ಹೊಸ ಅಂಗಿ. ಫ್ಯಾಕ್ಟರಿಯವರು ಫೋಟೊಗೆಂದು ಕೊಟ್ಟು, ಆಮೇಲೆ ವಾಪಸ್ ತಗೊಂಡಿದ್ದರು.

"ಕಳ್ಳರ ಗ್ಯಾಂಗ್ ಥರ ಇದ್ದಾರೆ," ಅಂದ ಚಷ್ಮಾ. ಹಿಂದಿನ ಬೆಂಚಿನವರು ಕಿಸಕ್ಕೆಂದರು. "ಇವಳಿಗೆ ಇವಳಮ್ಮನೇ ಗೊತ್ತಾಗ್ತಿಲ್ಲ ಕಣ್ರೋ."

ಗುಬ್ಬಿ ಕೈ ಇಳಿಸಿ ಜಾಗಕ್ಕೆ ಹೋಗಿ ಕೂತಳು.

ಸಂಜೆ ಗುಡಿಸಲಲ್ಲಿ ಅಪ್ಪ ದೀಪ ಹಚ್ಚಿ ಕೈ ಮುಗಿದು ಕೂತ. ಗುಬ್ಬಿ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಮಳೆಗಾಲದಲ್ಲಿ ಅಮ್ಮ ಜ್ವರ ಬಂದು ತೀರಿಕೊಂಡ ಮೇಲೆ ದಿನವೂ ಹೀಗೆಯೇ. ಅಮ್ಮನ ಫೋಟೊ ಇರಲಿಲ್ಲ. ಮೊಬೈಲಿನಲ್ಲಿದ್ದ ಒಂದೆರಡು, ಮೊಬೈಲಿನ ಜೊತೆಗೇ ಕಾಲುವೆಯ ಪಾಲಾಗಿದ್ದವು.

"ಕಣ್ಣು ಮುಚ್ಚು ಮಗಳೇ. ಅಮ್ಮ ಬರ್ತಾಳೆ," ಅಂದ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಬಂದ್ಲಾ?"

"ಹೂಂ," ಅಂದಳು ಗುಬ್ಬಿ.

ಸುಳ್ಳು. ಅಮ್ಮನ ಮೂಗು ಹೇಗಿತ್ತು, ನಕ್ಕರೆ ಹೇಗಿರುತ್ತಿತ್ತು, ಒಂದೂ ಬರಲಿಲ್ಲ. ಸುತ್ತಿದ ಬಟ್ಟೆ ಮಾತ್ರ ಬಂತು. ದೀಪದ ಮುಂದೆ ಕೂತು ಸುಳ್ಳಾಡಿದೆನಲ್ಲ ಅಂತ ಅವಳು ಕಣ್ಣು ತೆರೆದುಬಿಟ್ಟಳು.

"ಅಪ್ಪಾ, ಫೋಟೊ ತೆಗೆದ ದಿನ ಅಮ್ಮ ಎಲ್ಲಿ ನಿಂತಿದ್ಲು?"

"ಯಾರಿಗೆ ನೆನಪಿದೆ ತಾಯಿ. ನಾನು ಟ್ರಾಲಿ ಮೇಲಿದ್ದೆ, ಕಟ್ಟು ಜೋಡಿಸ್ತಾ." ಅಪ್ಪ ದೀಪದ ಬತ್ತಿ ಸರಿಮಾಡಿದ. "ಆ ಫೋಟೊದವನು ಯಾರಿಗೋ ಕೂಗಿ ಹೇಳಿದ್ದು ನೆನಪಿದೆ. ‘ಇಲ್ಲಿ ನೋಡಮ್ಮ, ಇಲ್ಲಿ, ಆ ಕಡೆ ಏನಿದೆ’ ಅಂತ. ಕೂಗಿ ಕೂಗಿ ಸುಸ್ತಾಗಿ ಕೊನೆಗೆ ಹಾಗೇ ತೆಗೆದ."

ಗುಬ್ಬಿ ತಮ್ಮನ ಬೆನ್ನು ತಟ್ಟುತ್ತಾ ಕೂತಳು. ಫೋಟೊ ತೆಗೆದ ದಿನವೂ ಹೀಗೇ ತಟ್ಟುತ್ತಿದ್ದಳು. ಅವನು ಅತ್ತೂ ಅತ್ತೂ ಕೆಂಪಗಾಗಿದ್ದ. ಅವನನ್ನೆತ್ತಿಕೊಂಡು ಅವಳು ಗದ್ದೆಯ ಪಕ್ಕದ ಕಾಲುವೆಯ ಏರಿಯ ಮೇಲೆ ಕೂತಿದ್ದಳು. ಕೆಳಗೆ ತುಂಬಿ ಹರಿಯುವ ನೀರು.

ಮರುದಿನ ಅವಳು ಎಲ್ಲರಿಗಿಂತ ಮೊದಲು ಶಾಲೆಗೆ ಬಂದಳು. ಕ್ಲಾಸು ಖಾಲಿ. ಕಸದ ವಾಸನೆ, ತಣ್ಣನೆ ಬೆಂಚುಗಳು.

ಈ ಸಲ ಅಂಗಿ ನೋಡಲಿಲ್ಲ, ಬಟ್ಟೆ ನೋಡಲಿಲ್ಲ. ಕಣ್ಣು ನೋಡುತ್ತಾ ಬಂದಳು. ಈ ಕಣ್ಣು ಕ್ಯಾಮೆರಾ ಕಡೆ. ಇದೂ ಕ್ಯಾಮೆರಾ ಕಡೆ. ಇದೂ.

ಸಾಲಿನ ತುದಿಗೆ ಹತ್ತಿರ ಒಬ್ಬಳು ಮಾತ್ರ ಪಕ್ಕಕ್ಕೆ ನೋಡುತ್ತಿದ್ದಳು. ತಲೆಯ ಮೇಲೆ ಅಷ್ಟು ದೊಡ್ಡ ಕಟ್ಟು. ಕತ್ತು ತಿರುಗಿಸಲು ಆಗದೆ ಕಣ್ಣನ್ನಷ್ಟೇ ಹೊರಳಿಸಿದ್ದಳು. ಅವಳು ನೋಡುತ್ತಿದ್ದ ಕಡೆ ಏನೂ ಇರಲಿಲ್ಲ. ಫೋಟೊ ಅಲ್ಲಿಗೆ ಮುಗಿದಿತ್ತು.

ಗುಬ್ಬಿ ಮೆಲ್ಲಗೆ ಆ ಕಡೆಗೆ ಸರಿದಳು. ಫೋಟೊ ಮುಗಿದ ಕಡೆ, ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಅಲ್ಲಿ ಯಾಕೆ ನಿಂತಿದ್ದೀಯ?" ಚಷ್ಮಾ ಬಾಗಿಲಲ್ಲಿದ್ದ. "ಸಿಕ್ಕಿದ್ಲಾ ನಿಮ್ಮಮ್ಮ?"

ಗುಬ್ಬಿ ಬೆರಳು ತೋರಿಸಲಿಲ್ಲ. "ನಾನು ಅವತ್ತು ಇಲ್ಲಿದ್ದೆ," ಅಂದಳು.

ಅವನಿಗೆ ಅರ್ಥವಾಗಲಿಲ್ಲ. ಅವಳ ಮುಖ ನೋಡಿ ಬ್ಯಾಗು ಇಳಿಸಿದ.

ಸಂಜೆ ಅಪ್ಪ ದೀಪ ಹಚ್ಚಿದ. ಅವನು ಹೇಳುವ ಮೊದಲೇ ಗುಬ್ಬಿ ಕಣ್ಣು ಮುಚ್ಚಿದಳು.

"ಬಂದ್ಲಾ?"

"ಮುಖ ಬರಲಿಲ್ಲ ಅಪ್ಪಾ," ಅಂದಳು. ತಮ್ಮನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಕಣ್ಣು ಬಂತು."