ಮಣ್ಣು ಬಿಡದ ಕೈ

"ಕೈ ಮುಂದ ಚಾಚ್ರಿ," ಎಂದ ದವಾಖಾನೆಯ ಕಂಪೌಂಡರ್ ಅಮಸಿದ್ದಪ್ಪ.

ರೇಣವ್ವ ಸೆರಗಿನೊಳಗಿಂದ ಕೈ ತೆಗೆಯಲಿಲ್ಲ.

ಅದು ೧೯೮೨ರ ಚಳಿಗಾಲ. ಬಾದಾಮಿಯ ಪ್ರವಾಸಿ ಮಂದಿರದ ತೋಟಕ್ಕೆ ಅವಳೇ ಮಾಲಿ. ಮಾಲಿಯಾಗಿದ್ದ ಅಪ್ಪ ತೀರಿಕೊಂಡ ಮೇಲೆ, ಹೆಣ್ಣಿಗೇಕೆ ಈ ಕೆಲಸ ಎಂದವರ ಎದುರು ಹಠ ಹಿಡಿದು ಪಡೆದ ಕೆಲಸ. ಗೊಬ್ಬರ, ಗುಲಾಬಿ ಮುಳ್ಳು, ತಣ್ಣೀರು... ಬೆರಳುಗಳೆಲ್ಲ ಬಿರಿದು ರಕ್ತ ಜಿನುಗುತ್ತಿತ್ತು.

ಕೊನೆಗೂ ಚಾಚಿದಳು. ಹದಿನೈದು ದಿನ ಮಣ್ಣು ಮುಟ್ಟಬಾರದು ಎಂದ ಅವನು.

"ಮಣ್ಣ ಬಿಡಾಕ ಬಂದಿಲ್ರಿ. ಔಷಧ ಇದ್ರ ಕೊಡ್ರಿ."

ಅವನ ತುಟಿಯಲ್ಲಿ ನಗು ಸುಳಿಯಿತು. ‘ನನ್ನ ನೋಡಿ ನಗ್ತಾನ...’ ಅವಳು ಔಷಧ ಪಡೆಯದೆಯೇ ಎದ್ದು ನಡೆದಳು.

ಮರುದಿನ ಸಂಜೆ ಅವನೇ ತೋಟಕ್ಕೆ ಬಂದ. ಕುಸುಬಿ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ತಾನೇ ಮಾಡಿದ ಮುಲಾಮು ತಂದಿದ್ದ. ಉಗುರುಬೆಚ್ಚಗಿನ ನೀರಲ್ಲಿ ಕೈ ನೆನೆಸಿ, ಪಸೆ ಆರುವ ಮೊದಲೇ ಹಚ್ಚಿ, ಅರಿವೆ ಸುತ್ತಬೇಕೆಂದು ಹೇಳಿಕೊಟ್ಟ. ಆಮೇಲೆ ವಾರವಾರವೂ ಬಂದು ನೋಡಿದ.

ತಿಂಗಳೊಪ್ಪತ್ತಿನಲ್ಲಿ ಬಿರುಕುಗಳು ಕೂಡಿದವು. ಅಷ್ಟರಲ್ಲಿ ಅವಳ ಮನಸ್ಸು ಅವನ ಸೈಕಲ್ ಗಂಟೆಗೆ ಕಾಯತೊಡಗಿತ್ತು!

ಒಂದು ದಿನ ಅವನ ತಾಯಿ ರಾಮವ್ವ ಹೆಣ್ಣು ಕೇಳಲು ಬಂದಳು. ರೇಣವ್ವನ ಕೈ ಹಿಡಿದು ನೋಡಿ, ಈಗ ಮೆತ್ತಗಾಗಿವೆ, ಲಗ್ನದ ಮೇಲೆ ಮಣ್ಣಿನ ಕೆಲಸ ಬೇಡ ಎಂದಳು.

ರೇಣವ್ವ ಕೈ ಹಿಂದಕ್ಕೆಳೆದುಕೊಂಡಳು. ‘ಇದಕ್ಕೇನ ಅಂವಾ ಮುಲಾಮು ತಂದಿದ್ದು?’

ನೇರ ದವಾಖಾನೆಗೆ ಹೋದಳು. ಜನ ನೋಡಿದರೆ ನೋಡಲಿ!

"ನಿಮ್ಮ ಮನಿಗೆ ಒಪ್ಪಲಿ ಅಂತ ನನ್ನ ಕೈ ವಾಸಿ ಮಾಡಿದ್ರೇನು?"

ತಾಯಿ ಹಾಕಿದ ಷರತ್ತು ಅವನಿಗೆ ಗೊತ್ತೇ ಇರಲಿಲ್ಲ. ಅವಳ ಬಾಯಿಂದ ಅದನ್ನು ಕೇಳಿ ಅವನ ಮುಖ ಬಾಡಿತು.

"ನಿನಗ ನೋವಾಗ್ಬಾರ್ದು ಅಂತ ಮಾಡಿದೆ, ರೇಣವ್ವ. ಕೆಲಸ ಬಿಡಸಾಕ ಅಲ್ಲ."

"ಮತ್ತ ಅವತ್ತು ಯಾಕ ನಕ್ರಿ?"

"ಇಲ್ಲಿ ಬಂದವ್ರೆಲ್ಲಾ ನಾ ಅಂದದ್ದಕ್ಕ ಹೂಂ ಅಂತಾರ. ನೀ ಒಬ್ಬಾಕಿ ಅನ್ನಲಿಲ್ಲ... ಅವತ್ತ ಮನಸ್ಸು ಕೊಟ್ಟೆ."

ಅವಳು ತೋಟದ ಕಡೆ ಹೊರಟಳು. ಕಣ್ಣು ತುಂಬಿ ಬಂದಿತ್ತು.

ಭಾನುವಾರ ಅವನು ತಾಯಿಯನ್ನು ತೋಟಕ್ಕೇ ಕರೆತಂದ. ರೇಣವ್ವ ಈ ಕೆಲಸ ಬಿಟ್ಟು ಬರಬೇಕೆಂದರೆ ಈ ಲಗ್ನವೇ ತನಗೆ ಬೇಡ ಎಂದು ಅವಳ ಎದುರಿಗೇ ತಾಯಿಗೆ ಹೇಳಿದ. ರಾಮವ್ವ ಗುಲಾಬಿ ಸಾಲಿನುದ್ದಕ್ಕೂ ಒಮ್ಮೆ ನಡೆದು ನೋಡಿ ಬಂದಳು. ಆಮೇಲೆ, ಹಠದಲ್ಲಿ ಇಬ್ಬರೂ ಸರಿಜೋಡಿ ಎಂದು ನೆರಳಿಗೆ ಹೋಗಿ ಕುಳಿತಳು.

"ಲಗ್ನಾಗಿ ಮೂರನೇ ದಿನಕ್ಕ ಕೆಲಸಕ್ಕ ಬರಾಕಿ ನಾ," ಎಂದಳು ರೇಣವ್ವ.

"ಬಾ. ಬುತ್ತಿ ನಾ ಕಟ್ತೇನಿ."

"ರೊಟ್ಟಿ ಬಡಿಯಾಕ ಬರ್ತೈತೇನ್ರಿ?"

"ಇಲ್ಲ... ಕಲೀತೇನಿ."

ರೇಣವ್ವ ಅವನನ್ನೇ ನೋಡಿದಳು.

"ಹಂಗಾರ ನಿಮ್ಮ ಮನಿಗೆ ಬರ್ತೇನಿ."