ಒತ್ತಬ್ಯಾಡ್ರಿ, ತಾನೇ ಇಳೀತದ

"ಏನು ಕೊಯ್ತೀರಿ?" ಎಂದು ಶಿವಕಾಂತ ಮತ್ತೆ ಕೇಳಿದ.

ಕಾಜಲ ಹೆಗಲಿನ ಚೀಲವನ್ನು ಕೌಂಟರಿನ ಮೇಲೆ ಧಪ್ಪನೆ ಇಟ್ಟಳು. ಮೈಲೂರಿನಿಂದ ನೌಬಾದದ ಈ ಮಷೀನು ಅಂಗಡಿಗೆ ಅವಳು ಬಂದದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಬರಿಗೈಯಲ್ಲಿ ಮರಳಿದ್ದಳು.

"ಕಬ್ಬಿಣ ರೀ. ಮೊನ್ನಿನೂ ಹೇಳೀನಿ, ನಿನ್ನಿನೂ ಹೇಳೀನಿ."

"ಕಬ್ಬಿಣ ಅಂದ್ರ ಪೈಪೋ, ಸಳಿಯೋ? ಪೈಪಿದ್ರ ಅದರ ಗ್ವಾಡಿ ಎಷ್ಟು ದಪ್ಪ ಅದ?"

"ಪೈಪಿಗಿ ಎಲ್ಲಿ ಗ್ವಾಡಿ ಇರ್ತದ್ರಿ? ಅದೇನು ಮನಿ ಏನು? ಪೈಪ್ ಒಂದೂವರಿ ಇಂಚಿಂದು. ಆ ಮೂಲ್ಯಾಗಿನ ದೊಡ್ಡ ಮಷೀನ್ ಕೊಡ್ರಿ, ಮುಗೀತು."

"ಅದು ತ್ರೀ ಫೇಸ್. ನಿಮ್ಮ ಮನ್ಯಾಗ ತ್ರೀ ಫೇಸ್ ಅದ ಏನು?"

ಇರಲಿಲ್ಲ.

"ಬಾಗಲಾ ಎಷ್ಟು ಅಗಲ ಅದ?"

ಅದನ್ನು ಅವಳು ಅಳೆದಿರಲಿಲ್ಲ. ಕಿವಿಯ ತನಕ ಸಿಟ್ಟು ಏರಿತು. "ಗಂಡಸರು ಬಂದು ಕೇಳಿದ್ರೂ ಹಿಂಗೇ ಪರೀಕ್ಷಾ ತಗೋತೀರೇನು?"

"ತಗೋತೇನ್ರಿ. ಅವರು ಸಿಟ್ಟಾಗಿ ಹೋಗಿಬಿಡ್ತಾರ. ನೀವು ಸಿಟ್ಟಾಗಿ ಮತ್ತ ಬರ್ತೀರಿ."

ಅವನು ನಗಲಿಲ್ಲ. ಕಣ್ಣಿನ ಅಂಚಿನಲ್ಲಿ ಮಾತ್ರ ಏನೋ ಒಂದು ಮಿಣುಕಿ ಅಡಗಿತು. ಆ ಮಿಣುಕನ್ನು ತಾನು ಯಾಕೆ ಗಮನಿಸಿದೆ ಎಂದು ಕಾಜಲಳಿಗೆ ತನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು.

"ಒಂದು ಕೆಲಸ ಮಾಡ್ರಿ," ಎಂದ ಅವನು. "ಈ ತಿಂಗಳು ಕೊಯ್ದು ಉಳಿದ ತುಂಡು ಇರ್ತಾವಲ್ಲ, ಅವನ್ನೆಲ್ಲ ಚೀಲದಾಗ ಹಾಕಿ ತಂದು ಕೊಡ್ರಿ. ನೀವು ಹೇಳೋದಕ್ಕಿಂತ ಅವು ಛಂದ ಹೇಳ್ತಾವ."

ಅವಳಿಗೆ ಅಷ್ಟು ಪುರುಸೊತ್ತು ಎಲ್ಲಿತ್ತು? ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವಳು ಕುರಿಗಾರರಿಗೆ ಮಡಚುವ ಕಬ್ಬಿಣದ ತಟ್ಟಿಗಳನ್ನು ಮಾಡುತ್ತಿದ್ದಳು. ಸಂಜೆ ಹೊಲದಲ್ಲಿ ಬಿಡಿಸಿ ನಿಲ್ಲಿಸಿದರೆ ಕುರಿದಡ್ಡಿ, ಬೆಳಿಗ್ಗೆ ಮಡಚಿದರೆ ಗಾಡಿಯ ಸರಕು. ಎಕಂಬಾದ ದತ್ತಾತ್ರಿ ಎಂಬ ಕುರಿಗಾರ, ಮರಿ ಹಾಕುವ ಕಾಲಕ್ಕೆ ಬೇಕೆಂದು ನಲವತ್ತು ತಟ್ಟಿ ಹೇಳಿಹೋಗಿದ್ದ. ಪೈಪು ಕೊಯ್ಯಲು ಇದ್ದದ್ದು ಅಪ್ಪನ ಕಾಲದ ಚಕ್ರದ ಮಷೀನು. ಅದನ್ನು ಒತ್ತಿದರೆ ಕಿಡಿ ಹಾರುತ್ತಿತ್ತು. ಅದು ಕಿರುಚಿದರೆ ಓಣಿಯೆಲ್ಲ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಅಪ್ಪ ಕಾಶೀರಾಮನ ಅರ್ಧ ಕಿವಿಯನ್ನು ಆ ಕಿರುಚಾಟವೇ ತಿಂದುಹಾಕಿತ್ತು.

ಪಕ್ಕದ ಮನೆಯ ಲಲಿತಾಬಾಯಿಗೆ ಈಗ ಮೊಮ್ಮಗಳು ಹುಟ್ಟಿದ್ದಳು. ಮಷೀನು ಕೂಗಿದಾಗಲೆಲ್ಲ ಕೂಸು ಬೆಚ್ಚಿ ಬೀಳುತ್ತಿತ್ತು. ಲಲಿತಾಬಾಯಿ ಜಗಳವಾಡಿದ್ದರೆ ಕಾಜಲಳೂ ಜಗಳವಾಡುತ್ತಿದ್ದಳು. ಆದರೆ ಆ ಹೆಂಗಸು ಗೋಡೆಯಾಚೆ ನಿಂತು, ಕೂಸನ್ನು ಎದೆಗೊತ್ತಿಕೊಂಡು, ಸುಮ್ಮನೆ ನೋಡಿದಳು. ಕಾಶೀರಾಮ ಅಲ್ಲಿಯೇ ಮಾತು ಕೊಟ್ಟುಬಿಟ್ಟ. ಇಪ್ಪತ್ತೊಂದನೆಯ ದಿನ ತೊಟ್ಟಿಲಿಗೆ ಹಾಕುವ ಕಾರ್ಯ. ಅಂದಿನಿಂದ ಈ ಓಣಿಯಲ್ಲಿ ಆ ಮಷೀನು ಕೂಗುವುದಿಲ್ಲ.

ತೊಟ್ಟಿಲಿಗೆ ಇನ್ನು ಹದಿಮೂರು ದಿನ ಉಳಿದಿತ್ತು. ಅಷ್ಟರಲ್ಲಿ ಸದ್ದಿಲ್ಲದೆ ಕೊಯ್ಯುವ ಮಷೀನು ಸಿಗದಿದ್ದರೆ ಶೆಡ್ಡಿಗೆ ಬೀಗ. ಬೀಗ ಬಿದ್ದರೆ ಔರಾದದ ಸಂಬಂಧಕ್ಕೆ ಹೂಂ ಅನ್ನುವುದೊಂದೇ ದಾರಿ. ವರ ಅಮೋಲ್ ಕೆಟ್ಟವನೇನಲ್ಲ. ಆದರೆ ಅವನ ಮನೆಯವರು ಚಹಾ ಕುಡಿಯುತ್ತಲೇ ಹೇಳಿದ್ದರು: "ಮದುವಿ ಆದ ಮ್ಯಾಲ ಈ ಕಬ್ಬಿಣ ಬಿಡಬೇಕಾಗ್ತದ ನೋಡವ್ವ." ಅದನ್ನು ಕೇಳಿದ ದಿನ ಕಾಜಲಳಿಗೆ ರೊಟ್ಟಿ ಬಡಿಯಲು ಬಂದಿರಲಿಲ್ಲ. ಎಲ್ಲವೂ ಹರಿದುಹೋಗಿದ್ದವು.

ಮರುದಿನ ಅವಳು ತುಂಡುಗಳ ಚೀಲವನ್ನು ಶಿವಕಾಂತನ ಕೌಂಟರಿನ ಮೇಲೆ ಬಿಸಾಕಿ, "ತಗೋರಿ, ಇವನ್ನೇ ಕೇಳ್ರಿ," ಎಂದವಳೇ ನೆಟ್ಟಗೆ ಭಾಲ್ಕಿಯ ಬಸ್ಸು ಹತ್ತಿದಳು. ಅಲ್ಲಿ ಗುಲಾಮ ರಸೂಲ ಎಂಬ ಮುದಿ ಬಡಗಿ ತನ್ನ ಬ್ಯಾಂಡ್ ಸಾ ಮಾರುತ್ತಾನೆಂದು ಯಾರೋ ಹೇಳಿದ್ದರು. ಮಷೀನು ಆಳೆತ್ತರ ಇತ್ತು. ಮೇಲೊಂದು ಗಾಲಿ, ಕೆಳಗೊಂದು ಗಾಲಿ; ಎರಡರ ನಡುವೆ ರಿಬ್ಬನ್ನಿನಂತೆ ಸುತ್ತುವ ಗರಗಸ.

"ಬೇಟಿ, ಇದು ಲಕಡಿ ಕೊಯ್ಯೋದು," ಎಂದ ಮುದುಕ.

"ಕಬ್ಬಿಣ ಕೊಯ್ಯೋ ಬ್ಲೇಡ್ ಹಾಕ್ಕೋತೇನಿ ಚಾಚಾ. ಮಷೀನ್ ಮಷೀನೇ ಅಲ್ಲೇನ್ರಿ?"

"ಹಾಕಿ ನೋಡು. ಬರ್ಲಿಲ್ಲಂದ್ರ ವಾಪಸ್ ತಂದುಬಿಡು."

ತೀರಿಹೋದ ಅವ್ವ ಹೊಲಿದ ಕೌದಿಯನ್ನು ಸುತ್ತಿ, ಹಗ್ಗ ಬಿಗಿದು, ಟೆಂಪೋದಲ್ಲಿ ಅವಳು ಅದನ್ನು ಮೈಲೂರಿಗೆ ತಂದಳು. ಹೊಸ ಬ್ಲೇಡು ಹಾಕಿದಳು. ಪೈಪು ಹಿಡಿದು ಒತ್ತಿದಳು. ಚಕ್ರದ ಮಷೀನಿಗಿಂತ ಭೀಕರವಾಗಿ ಚೀರಿತು. ನೀಲಿ ಹೊಗೆ ಎದ್ದಿತು. ಚಹಾ ಉಕ್ಕುವಷ್ಟು ಹೊತ್ತಿನಲ್ಲಿ ಬ್ಲೇಡಿನ ಹಲ್ಲೆಲ್ಲ ಸವೆದು ಬೋಳಾಯಿತು. ಪೈಪಿನ ಮೇಲೆ ಒಂದು ಗೀರು ಮಾತ್ರ ಇತ್ತು.

ಗೋಡೆಯಾಚೆ ಕೂಸು ಅಳತೊಡಗಿತು. ಕಾಜಲ ಸುತ್ತಿಗೆಯನ್ನು ಮೂಲೆಗೆ ಎಸೆದು, ಕೌದಿಯ ಮೇಲೆ ಕುಕ್ಕರಿಸಿ, ಮೊಣಕಾಲಿಗೆ ಹಣೆ ಹಚ್ಚಿದಳು.

"ಬಾಗಲಾ ಎರಡೂ ಮುಕ್ಕಾಲು ಫೂಟ್ ಅದ," ಎಂಬ ದನಿ ಕೇಳಿಸಿತು.

ತಲೆ ಎತ್ತಿದರೆ ಶಿವಕಾಂತ. ಒಂದು ಕೈಯಲ್ಲಿ ಅಳತೆಪಟ್ಟಿ, ಇನ್ನೊಂದರಲ್ಲಿ ಅವಳ ಚೀಲ.

"ನಿಮಗ ಇಲ್ಲಿಗಿ ಯಾರು ಕರದ್ರು?"

"ಈ ತುಂಡುಗಳು." ಅವನು ಚೀಲದಿಂದ ನಾಲ್ಕೈದು ಪೈಪಿನ ತುದಿಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ನಿಲ್ಲಿಸಿದ. "ಎಲ್ಲಾ ಒಂದೇ ಕಡಿಗಿ ವಾರಿ ಕೊಯ್ದಾವ. ನಿಮ್ಮ ಬಲಗೈ ಮಣಿಕಟ್ಟು ನೋಯ್ತದೇನ್ರಿ? ಎಡಗೈಲೆ ಒತ್ತಲತ್ತೀರಿ ಅನಸ್ತದ."

ಕಾಜಲ ಬಲಗೈಯನ್ನು ಸೆರಗಿನಡಿಗೆ ಎಳೆದುಕೊಂಡಳು. ಮಣಿಕಟ್ಟು ಎರಡು ತಿಂಗಳಿಂದ ನೋಯುತ್ತಿತ್ತು. ಅಪ್ಪನಿಗೂ ಹೇಳಿರಲಿಲ್ಲ. ಹಿಟ್ಟು ನಾದುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಅದನ್ನು ಒಂದು ಚೀಲ ಗುಜರಿ ನೋಡಿ ಈ ಮನುಷ್ಯ ತಿಳಿದುಕೊಂಡಿದ್ದ.

ಅವನು ಭಾಲ್ಕಿಯ ಮಷೀನಿನ ಗಾಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿದ. "ಕಟ್ಟಿಗಿಗಿ ಜೋರ ಓಡಬೇಕು. ಕಬ್ಬಿಣಕ್ಕ ಇದರ ಹತ್ತನೇ ಪಾಲೂ ಭಾಳಾಯ್ತು. ಬ್ಲೇಡಿಂದು ತಪ್ಪಿಲ್ರಿ. ಪಾಪ, ಅದನ್ನ ಯಾರೋ ಓಡಸ್ಯಾಡಿ ಕೊಂದಂಗ ಆಗ್ಯಾದ."

ಅಳು ಬರಬೇಕಾದಲ್ಲಿ ಕಾಜಲಳಿಗೆ ನಗು ಬಂತು. ಅದನ್ನು ಮುಚ್ಚಲು ಕೌದಿ ಕೊಡವಿದಳು.

ಮರುದಿನ ಅಂಗಡಿಯ ಟೆಂಪೋದಲ್ಲಿ ಅವನೇ ಮಷೀನನ್ನು ಭಾಲ್ಕಿಗೆ ಹೊತ್ತೊಯ್ದ. ಪಕ್ಕದ ಸೀಟಿನಲ್ಲಿ ಅವಳು. ಕೆಂಪು ನೆಲದ ನಡುವೆ ಅರ್ಧ ದಾರಿ ಸಾಗಿತ್ತು.

"ಹೇಳಿಬಿಡ್ರಿ," ಎಂದಳು ಅವಳು.

"ಏನ್ರಿ?"

"'ನಾ ಹೇಳಿದ್ದೆ' ಅಂತ. ಮುಂಜಾನಿಂದ ಕಾಯ್ಲತ್ತೀನಿ."

"ನಾ ಎಲ್ಲಿ ಹೇಳೀನ್ರಿ? ಬರೇ ಕೇಳಿದ್ದೆ."

ಸ್ವಲ್ಪ ಹೊತ್ತಿನ ಮೇಲೆ ಅವಳು ಗಮನಿಸಿದಳು: ಒಳಗಿನ ಕನ್ನಡಿ ರಸ್ತೆಯ ಕಡೆಗಿರಲಿಲ್ಲ. "ಆ ಕನ್ನಡಿ ಹಿಂದಿನ ಗಾಡಿ ನೋಡ್ಲಾಕ ಇರ್ತದ್ರಿ."

"ಹಿಂದ ಮಷೀನ್ ಅದಲ್ಲ. ಬಿದ್ದೀತು ಅಂತ ನೋಡ್ಲತ್ತೀನಿ."

"ಮಷೀನ್ ನನ್ನ ಮಾರಿ ಮ್ಯಾಲ ಅದ ಏನು?"

ಅವನ ಕಿವಿಗಳು ಹಣ್ಣು ಮೆಣಸಿನಕಾಯಿಯಾದವು. ಕನ್ನಡಿಯನ್ನು ತಿರುಗಿಸಿದ. ಭಾಲ್ಕಿಯ ತನಕ ಅದನ್ನು ಮತ್ತೆ ಮುಟ್ಟಲಿಲ್ಲ.

ಗುಲಾಮ ರಸೂಲ ಮಷೀನನ್ನು ಇಳಿಸಿಕೊಂಡು, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಇಂವ ಯಾರು ಬೇಟಿ?"

"ಅಂಗಡಿಯವ್ರು, ಚಾಚಾ."

"ಯಾವ ಅಂಗಡಿಯವ್ರು, ತಾವು ಮಾರದೇ ಇದ್ದ ಮಾಲ್ ವಾಪಸ್ ಕೊಡ್ಲಾಕ ಇಷ್ಟು ದೂರ ಬರ್ತಾರ?"

ಶಿವಕಾಂತ ಅಲ್ಲಿದ್ದ ಒಂದು ನಟ್ಟನ್ನು ಬಹಳ ಶ್ರದ್ಧೆಯಿಂದ ಬಿಗಿಮಾಡತೊಡಗಿದ. ಅದು ಮೊದಲೇ ಬಿಗಿಯಾಗಿತ್ತು.

ಕೊನೆಗೂ ಮಷೀನು ನಿಕ್ಕಿಯಾಯಿತು. ಅವಳು ಆಸೆಪಟ್ಟಿದ್ದ ದೊಡ್ಡದಲ್ಲ, ಮೊಣಕಾಲೆತ್ತರದ ಅಡ್ಡ ಬ್ಯಾಂಡ್ ಸಾ. "ನಿಮ್ಮ ಚೀಲದಾಗ ದೊಡ್ಡ ತುಂಡು ಒಂದೂ ಇಲ್ಲ," ಎಂದ ಅವನು. "ಇಲ್ಲದ ಕೆಲಸಕ್ಕ ಮಷೀನ್ ಯಾಕ? ನಿಮ್ಮ ಪೈಪಿನ ಗ್ವಾಡಿ ಮೂರು ಮಿಲಿಮೀಟರ್. ಯಾವಾಗಲೂ ಮೂರು ಹಲ್ಲಾದ್ರೂ ಕಬ್ಬಿಣ ಕಚ್ಚಿರಬೇಕು. ಸಣ್ಣ ಹಲ್ಲಿನ ಬ್ಲೇಡ್ ತಗೋರಿ. ದೊಡ್ಡ ಹಲ್ಲು ತೆಳು ಪೈಪಿಗಿ ಸಿಕ್ರ ಮುರೀತದ." ಮೂರು ವೇಗ ಇತ್ತು, ಮನೆಯ ಕರೆಂಟಿಗೇ ನಡೆಯುತ್ತಿತ್ತು. ಆದರೆ ಅಂಗಡಿಯಲ್ಲಿ ಇರಲಿಲ್ಲ, ಹೈದರಾಬಾದಿನಿಂದ ಬರಬೇಕಿತ್ತು.

"ಎಷ್ಟು ದಿನ?"

"ಎಂಟು-ಹತ್ತು."

"ತೊಟ್ಟಿಲಿಗಿ ಹನ್ನೊಂದೇ ದಿನ ಉಳದಾವ್ರಿ!"

"ಗೊತ್ತದ," ಎಂದ. ಅಷ್ಟೇ.

ಆ ಎಂಟು-ಹತ್ತು ದಿನ ಕಾಜಲ ಕುದಿದದ್ದು ಯಾವುದಕ್ಕೆ ಎಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಅವನು ಒಂದು ಸಂಜೆ ಬಂದು ಮೀಟರ್ ಹಚ್ಚಿ ಕರೆಂಟು ನೋಡಿದ. ಇನ್ನೊಂದು ಸಂಜೆ ಬಂದು ಮತ್ತೆ ನೋಡಿದ. ಮೂರನೆಯ ಸಂಜೆ ಅವಳು ತಲೆ ಬಾಚಿ, ಹಸಿರು ಸೀರೆ ಉಟ್ಟು, ಶುಂಠಿ ಹಾಕಿ ಚಹಾ ಮಾಡಿದಳು. ಅವನು ಚಹಾ ಕುಡಿದು, ಬಹಳ ಹೊತ್ತು ಕಪ್ಪನ್ನೇ ನೋಡಿ, "ಸಂಜಿಗಿ ವೋಲ್ಟೇಜ್ ಭಾಳ ಬೀಳ್ತದ್ರಿ," ಎಂದು ಎದ್ದುಹೋದ.

ವೋಲ್ಟೇಜಂತೆ! ಅವಳು ಆ ಕಪ್ಪನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದಳು.

ಕಾಶೀರಾಮ ಓಣಿಗೆಲ್ಲ ಕೇಳುವಂತೆ ಕೇಳಿದ. "ಯವ್ವಾ ಕಾಜಲ! ಈ ಹುಡುಗಗ ಕರೆಂಟ್ ನೋಡ್ಲಾಕ ಬರಂಗಿಲ್ಲೇನು? ದಿನಾ ಬರ್ತಾನ?"

"ಸಣ್ಣಕ ಮಾತಾಡಪ್ಪ!"

"ಆಂ?"

ಔರಾದದಿಂದ ಫೋನು ಬಂತು. ತೊಟ್ಟಿಲು ಕಾರ್ಯದ ದಿನ ಸಂಜೆಯೊಳಗೆ ಹೂಂ ಅಥವಾ ಊಹೂಂ ತಿಳಿಸಬೇಕಂತೆ. ಅಪ್ಪ ಅವಳ ಮುಖ ನೋಡಿದ. ಅವಳು ಒಲೆಯ ಕಡೆ ತಿರುಗಿಕೊಂಡಳು.

ಇಪ್ಪತ್ತೊಂದನೆಯ ದಿನವೂ ಬಂತು. ಪಕ್ಕದ ಮನೆಯಲ್ಲಿ ಮುಂಜಾನೆಯಿಂದ ಹೆಂಗಸರ ಗದ್ದಲ. ಕಾಜಲ ಚಕ್ರದ ಮಷೀನಿನ ವೈರು ಕಿತ್ತು, ಸುತ್ತಿ, ಗೋಣಿಚೀಲ ಹೊದಿಸಿದಳು. ತಟ್ಟಿಗಳಲ್ಲಿ ಹದಿನಾರು ಇನ್ನೂ ಬಾಕಿ ಇದ್ದವು. ಶೆಡ್ಡಿನ ಬೀಗವನ್ನು ಕೈಯಲ್ಲಿ ಹಿಡಿದು ನಿಂತಾಗ ಓಣಿಯ ತುದಿಯಲ್ಲಿ ಟೆಂಪೋದ ಹಾರ್ನು ಕೇಳಿಸಿತು.

ಶಿವಕಾಂತನ ಅಂಗಿಯೆಲ್ಲ ಧೂಳು, ಕಣ್ಣು ಕೆಂಪು. ಲಾರಿ ಕಾಯದೆ ತಾನೇ ಹೈದರಾಬಾದಿಗೆ ಹೋಗಿ ತಂದಿದ್ದ. ಅದನ್ನು ಅವನು ಹೇಳಲಿಲ್ಲ. ಡ್ಯಾಶ್‌ಬೋರ್ಡಿನ ಮೇಲಿದ್ದ ಟೋಲ್ ಚೀಟಿಗಳನ್ನು ನೋಡಿ ಅವಳೇ ತಿಳಿದುಕೊಂಡಳು.

ಮಷೀನು ಎರಡೂ ಮುಕ್ಕಾಲು ಅಡಿ ಬಾಗಿಲಲ್ಲಿ ಸಲೀಸಾಗಿ ಒಳಬಂತು. ಅವನು ಪೈಪನ್ನು ಮಷೀನಿನ ಇಕ್ಕಳದಲ್ಲಿ ಬಿಗಿದು, ಬ್ಲೇಡಿನ ತೋಳನ್ನು ಮೆಲ್ಲಗೆ ಇಳಿಸಿ, ಗುಂಡಿ ಒತ್ತಿದ. ಕಾಜಲಳಿಗೆ ಅಭ್ಯಾಸಬಲ. ಎಡಗೈ ತಾನಾಗಿಯೇ ಹೋಗಿ ತೋಳಿನ ಮೇಲೆ ಭಾರ ಹಾಕಿತು.

"ಒತ್ತಬ್ಯಾಡ್ರಿ," ಎಂದ ಅವನು. "ಅದರ ತೂಕಕ್ಕ ತಾನೇ ಇಳೀತದ. ಒತ್ತಿದ್ರ ವಾರಿ ಹೋಗ್ತದ."

ಅವಳು ಕೈ ತೆಗೆದಳು. ಮಷೀನು ಹೊಲಿಗೆ ಯಂತ್ರದಷ್ಟು ಸದ್ದು ಮಾಡುತ್ತ, ಕೂದಲೆಳೆಯಷ್ಟು, ಕೂದಲೆಳೆಯಷ್ಟು ಇಳಿಯತೊಡಗಿತು. ಕಿಡಿ ಇಲ್ಲ. ಗೋಡೆಯಾಚೆ ಜೋಗುಳ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳ ಕೈಗೆ ಕೆಲಸವಿರಲಿಲ್ಲ.

"ಎಷ್ಟು ಹೊತ್ತು ಬೇಕು ಇದಕ್ಕ?"

"ಎರಡು ನಿಮಿಷ."

"ಹಂಗಾದ್ರ ನನ್ನ ಪಾಳಿ. ನಾ ಕೇಳ್ತೇನಿ, ನೀವು ಹೇಳ್ರಿ." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ವೋಲ್ಟೇಜ್ ಎಷ್ಟು ಬೀಳ್ತದ ಅಂತ ಯಾವ ದಿನ ಗೊತ್ತಾಯ್ತು?"

"...ಮೊದಲ ದಿನಾನೇ."

"ಮತ್ತ ಇನ್ನೆರಡು ಸಂಜಿ?"

ಅವನು ಬ್ಲೇಡು ನೋಡಿದ, ಪೈಪು ನೋಡಿದ. ಸಂಜೆ ಔರಾದಕ್ಕೆ ಫೋನು ಮಾಡಬೇಕು. ಈ ಮನುಷ್ಯ ಇನ್ನೂ ಪೈಪು ನೋಡುತ್ತಾನೆ! ಹಿಡಿದು ಅಲುಗಾಡಿಸಬೇಕು ಎನ್ನಿಸಿತು. ಆದರೆ ಅವನೇ ಹೇಳಿದ್ದ ಮಾತು ನೆನಪಾಯಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಬಿಗಿದು, ನಿಂತಳು.

ಮಷೀನು ಇಳಿಯಿತು. ಇನ್ನಷ್ಟು ಇಳಿಯಿತು. ತುಂಡು ಠಣ್ಣೆಂದು ಬಿತ್ತು. ಸ್ವಿಚ್ಚು ತಾನೇ ಆರಿತು.

ಶಿವಕಾಂತ ಬಾಗಿ ಆ ತುಂಡನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ. ಬೆಚ್ಚಗಿತ್ತು, ಕೊಯ್ದ ಅಂಚು ನೆಟ್ಟಗಿತ್ತು. ಆಮೇಲೆ ತನ್ನ ಜೇಬಿನಿಂದ ಇನ್ನೊಂದು ತುಂಡನ್ನು ತೆಗೆದು ಅದರ ಪಕ್ಕಕ್ಕಿಟ್ಟ. ಅವಳದೇ ಚೀಲದ್ದು, ವಾರಿಯಾಗಿ ಕೊಯ್ದದ್ದು. ಜೇಬಿನಲ್ಲಿ ತಿಕ್ಕಿ ತಿಕ್ಕಿ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಇದೊಂದು ವಾಪಸ್ ಕೊಟ್ಟಿರಲಿಲ್ಲ," ಎಂದ. "ಔರಾದದ ಸುದ್ದಿ ನಿಮ್ಮ ಅಪ್ಪ ಹೇಳ್ಯಾರ. ಅವರು ಹೇಳಿದ್ದು ಓಣಿಗೆಲ್ಲ ಕೇಳ್ಯಾದ. ನನಗ ಮಾತು ಲಗೂನ ಬರಂಗಿಲ್ಲ, ಕಾಜಲ. ಆದ್ರ ಒಂದು ಅಳತಿ ತಗೊಂಡೀನಿ. ಈ ಮಷೀನ್ ಇಲ್ಲಿಂದ ಎಲ್ಲಿಗೂ ಹೋಗೋದು ಬ್ಯಾಡ. ನಿಮ್ಮ ಅಪ್ಪನ್ನ ಬಿಟ್ಟು ನೀವೂ ಹೋಗೋದು ಬ್ಯಾಡ. ನಾನೇ ಇಲ್ಲಿಗಿ ಇರ್ಲಾಕ ಬರ್ತೇನಿ. ನೌಬಾದ ಏನು, ದಿನಾ ಸೈಕಲ್ ಮ್ಯಾಲ ಹೋಗಿ ಬರಬಹುದು."

ಇಷ್ಟು ದಿನದ ಸಿಟ್ಟೆಲ್ಲ ಕಾಜಲಳ ಕಣ್ಣಿನಲ್ಲಿ ನೀರಾಗಿ ನಿಂತಿತು. "ಇಷ್ಟು ಹೇಳ್ಲಾಕ ಒಂದು ಮಷೀನೇ ಬೇಕಾಯ್ತೇನ್ರಿ ನಿಮಗ?"

"ಚಕ್ರದ ಮಷೀನ್ ನಡದಿದ್ರ ನಿಮಗ ಕೇಳ್ತಿರ್ಲಿಲ್ಲ."

ಬಾಗಿಲಲ್ಲಿ ಕಾಶೀರಾಮ ನಿಂತಿದ್ದ. ಎಷ್ಟು ಕೇಳಿಸಿತ್ತೋ ಅವನಿಗೇ ಗೊತ್ತು. "ಯವ್ವಾ! ಔರಾದದವ್ರಿಗಿ ಏನು ಹೇಳ್ಲಿ?" ಎಂದು ಕೂಗಿದ. ಗೋಡೆಯಾಚೆ ಜೋಗುಳ ನಿಂತೇಹೋಯಿತು. ಇಡೀ ಹೆಂಗಸರ ಗುಂಪು ಉತ್ತರಕ್ಕೆ ಕಿವಿ ಕೊಟ್ಟಿತ್ತು.

"ಊಹೂಂ ಅಂತ ಹೇಳಪ್ಪ!" ಎಂದು ಕಾಜಲ ಅಷ್ಟೇ ಜೋರಾಗಿ ಕೂಗಿದಳು.

ಆಚೆಯಿಂದ ಲಲಿತಾಬಾಯಿಯ ನಗು ಕೇಳಿಸಿತು. ಆಮೇಲೆ ಜೋಗುಳ ಮತ್ತೆ ಶುರುವಾಯಿತು. ಕಾಜಲ ಎರಡೂ ತುಂಡುಗಳನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು, ಹೊಸ ಪೈಪೊಂದನ್ನು ಇಕ್ಕಳದಲ್ಲಿ ಬಿಗಿದಳು.

"ಇನ್ನೂ ಎರಡು ನಿಮಿಷ ಅವ," ಎಂದಳು. "ಸುಮ್ನ ನಿಂದ್ರಬ್ಯಾಡ್ರಿ. ಮತ್ತೇನಾರ ಹೇಳ್ರಿ."